ಸಾಹುಕಾರರ ಅಟ್ಟ, ಅವ್ವನ ಬಾಣಲೆ

ಈವತ್ತು ತಿಪಟೂರು ಬಸ್‌ಸ್ಟ್ಯಾಂಡ್ ಹಿಂದೆ ಯಾರೋ ನಿಪ್ಪಟ್ಟು ಕರೀತಿದ್ರು. ಆ ವಾಸನೆಗೆ ನಿಂತೇಬಿಟ್ಟೆ.

ನಮ್ಮವ್ವ ಅಡುಗೆಮನೆಯಲ್ಲೇ ನಿಪ್ಪಟ್ಟು ಕರೆದು ಶೆಟ್ಟಿಕೆರೆ ಅಂಗಡಿಗಳಿಗೆ ಕೊಡುತ್ತಿದ್ದಳು. ಮನೆ ಮಾತ್ರ ಅಪ್ಪ ಸಾಯೋ ಮುಂಚೆಯೇ ಸಾಹುಕಾರರಿಗೆ ಅಡವಿಟ್ಟಿದ್ದ. ಬಡ್ಡಿ ಬದಲು ಅಡುಗೆಮನೆ ಮೇಲಿನ ಅಟ್ಟ ಅವರದು. ಅಲ್ಲಿ ಅವರ ಕಾಯಿ ವರ್ಷವಿಡೀ ಒಣಗಿ ಕೊಬ್ಬರಿಯಾಗುತ್ತಿತ್ತು. ನಮಗೆ ಒಂದು ಚೂರೂ ಇಲ್ಲ. ಸಾಲಕ್ಕೆ ಸೆಕ್ಯೂರಿಟಿ ಅಂದ್ರೆ ಸೆಕ್ಯೂರಿಟಿ!

ನಾನಿನ್ನೂ ಚಿಕ್ಕವನು, ಒಂದಿನ ಸಾಹುಕಾರರು ಬಂದರು. "ಕೊಬ್ಬರಿಗೆ ಎಣ್ಣೆ ವಾಸ್ನೆ ಹತ್ತೈತೆ ಅಂತ ಮಂಡೀಲಿ ಮೂಗು ಮುರೀತಾರೆ ಕಣವ್ವ. ಕರಿಯೋದು ಆಚೆ ಇಟ್ಕೋ."

"ಮಳೇಲಿ ಆಚೆ ಹೆಂಗೆ ಕರೀಲಿ ಸ್ವಾಮಿ? ವಾಸ್ನೆ ಅನ್ನೋದು ಬರೀ ಸುಳ್ಳು" ಅಂದಳು ಅವ್ವ.

ಅವರು ಒಂದು ಕೊಬ್ಬರಿ ಒಡೆದು ಅರ್ಧ ನನ್ನ ಕೈಗಿಟ್ಟರು. "ನಿನ್ ಮಗನೇ ಹೇಳ್ಲಿ ಬುಡು. ತಿಂದು ಹೇಳ್ಲಾ, ವಾಸ್ನೆ ಬತ್ತದಾ?" ಇನ್ನರ್ಧ ಅವರ ಕೈಯಲ್ಲೇ ಇತ್ತು.

ಕೊಬ್ಬರಿ ಸಕ್ಕರೆಯಂತಿತ್ತು. ನಾನು, "ಹೂಂ, ಬತ್ತದೆ" ಅಂದೆ. ಇನ್ನರ್ಧವೂ ಸಿಕ್ಕಿತು.

ಮುಂದೆ ಕಾಲೇಜಲ್ಲಿ ಐ ವಿಟ್ನೆಸ್, ಕಣ್ಣಾರೆ ಕಂಡ ಸಾಕ್ಷಿ, ಅಂತೇನೋ ಕಲಿಸಿದರು. ನಾನು ನಾಲಿಗೆ ವಿಟ್ನೆಸ್ಸು.

ಅವ್ವ ಬೈಯಲಿಲ್ಲ. "ನಿಧಾನಕ್ಕೆ ತಿನ್ನಪ್ಪ, ಗಂಟಲಿಗೆ ಸಿಕ್ಕೀತು" ಅಂದಳು. ಬಾಣಲೆ ಹಿತ್ತಲಿಗೆ ಹೋಯ್ತು. ಆ ಮಳೆಗಾಲಕ್ಕೇ ವ್ಯಾಪಾರ ನಿಂತಿತು. ಆಮೇಲೆ ಮನೆಯೂ ಬಿಡಿಸಿಕೊಳ್ಳಲಾಗದೆ ಹೋಯ್ತು.

ನನ್ನ ಹೆಂಡತಿ ಬದುಕಿದ್ದಷ್ಟು ದಿನ ಕೇಳ್ತಿದ್ದಳು, "ಕೊಬ್ಬರಿ ಸೀಮೇಲಿ ಹುಟ್ಟಿ ಕೊಬ್ಬರಿ ಯಾಕೆ ಮುಟ್ಟಲ್ಲ ಕಣ್ರೀ?" ಹಲ್ಲುನೋವು ಅಂತ ಅವಳಿಗೂ ಸುಳ್ಳು ಹೇಳಿದೆ. ಈಗ ಕೇಳೋರೂ ಇಲ್ಲ. ಅದಕ್ಕೇ ಇಲ್ಲಿ ಬರೆದೆ.