ಹುಣಸೆಹಣ್ಣಿನ ಡಬ್ಬಿಯಲ್ಲಿದ್ದ ಕಾರ್ಡುಗಳು

ನನ್ನ ನೆಗೆಣ್ಣಿ ವಿಜಯಲಕ್ಷ್ಮಿ ಮೊದಲು ಬ್ಯೂಟಿ ಪಾರ್ಲರ್ ಇಟ್ಟಳು. ಆಮೇಲೆ ಕೇಕ್ ಮಾಡಲು ಕಲಿತಳು. ಅದಾದ ಮೇಲೆ ಸೀರೆಗೆ ಕುಚ್ಚು ಹಾಕಿದಳು. ಯಾವುದೂ ಕೈ ಹತ್ತಲಿಲ್ಲ. ಕೊನೆಗೆ ಹತ್ತಿದ್ದು ಟ್ಯಾರೋ. ಪುಣೆಯ ಯಾರೋ ಮೇಡಂ ಫೋನಿನಲ್ಲಿ ಹೇಳಿಕೊಟ್ಟ ಕೋರ್ಸ್ ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ದೇವರ ಫೋಟೋಗಳ ಸಾಲಿನಲ್ಲೇ ತೂಗುಹಾಕಿದಳು. ಹಬ್ಬ ಬಂದರೆ ಅದಕ್ಕೂ ಒಂದು ಮೊಳ ಹೂವು ಬೀಳುತ್ತದೆ.

ನಾವಿಬ್ಬರೂ ಸಿರುಗುಪ್ಪದ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಈಗ ಬಳ್ಳಾರಿಯಲ್ಲಿ ಕೆಳಗೆ ಅವಳು, ಮಹಡಿ ಮೇಲೆ ನಾನು. ಅವಳ ಗಂಡ, ಅಂದರೆ ನನ್ನ ಮೈದುನ ಹಂಪೇಶ್, ಜೀನ್ಸ್ ಹೊಲಿಯುವ ಕಡೆ ಸೂಪರ್‌ವೈಸರ್. ಕಾರ್ಡು ಹಾಸಲು ಕಪ್ಪು ಮಖಮಲ್ ಬಟ್ಟೆ ಬೇಕೆಂದು ಇವಳು ಹಟ ಹಿಡಿದರೆ, ಅವನು ತಂದುಕೊಟ್ಟದ್ದು ಹೊಲಿಗೆ ಕೆಟ್ಟ ಜೀನ್ಸ್ ಬಟ್ಟೆ. ಅದರ ಒಂದು ಮೂಲೆಗೆ ಜೇಬೂ ಇತ್ತು. ವಿಜ್ಜಿ ಆ ಜೇಬಿನಲ್ಲಿ ಕಡ್ಡಿಪೊಟ್ಟಣ ಇಟ್ಟುಕೊಂಡಳು.

ಟ್ಯಾರೋ ಅಂದರೆ ದೊಡ್ಡದೇನಲ್ಲ. ಚಿತ್ರ ಬರೆದ ಇಸ್ಪೀಟಿನಂಥ ಕಾರ್ಡುಗಳು. ನೀವು ಪ್ರಶ್ನೆ ಕೇಳಿ ಒಂದು ಕಾರ್ಡು ಎಳೆಯಬೇಕು, ಅವಳು ಚಿತ್ರ ನೋಡಿ ಮುಂದಾಗುವುದನ್ನು ಹೇಳಬೇಕು. "ಗಿಳಿ ಒಂದ ಕಡಿಮಿ ನೋಡು" ಎಂದು ನಾನು ಅಂದದ್ದಕ್ಕೆ ವಾರಗಟ್ಟಲೆ ಮಾತು ಬಿಟ್ಟಿದ್ದಳು.

ಅವಳ ಮೊದಲ ದೊಡ್ಡ ಗಿರಾಕಿ ನಮ್ಮ ಓಣಿಯ ಸಾವಂತ್ರಮ್ಮ, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟವರು. ಹೊಸ ಕಾರು ತಗೊಳ್ಳಬಹುದೇ ಎಂದು ಕೇಳಲು ಬಂದವರು. ಎಳೆದ ಕಾರ್ಡು ಸಾವಿನದು. ಬಿಳಿ ಕುದುರೆಯ ಮೇಲೆ ಅಸ್ಥಿಪಂಜರ, ಕುದುರೆಯ ಕಾಲ ಕೆಳಗೆ ಅಂಗಾತ ಬಿದ್ದ ಒಬ್ಬ ರಾಜ.

"ಹೆದರಬ್ಯಾಡ್ರಿ ಆಂಟಿ, ಇದರ ಅರ್ಥ ಬದಲಾವಣಿ ಅಂತ" ಅಂದಳು ವಿಜ್ಜಿ.

"ಹೌದವ್ವ, ಇದ್ದಾಕಿ ಸತ್ರ ಬದಲಾವಣಿನ ಅಲ್ಲೇನು?" ಎಂದು ಸಾವಂತ್ರಮ್ಮ ಎದ್ದವರೇ ಕಾಫಿ ಕೂಡ ಮುಟ್ಟದೆ ಹೋದರು.

ಅಂದೇ ಆ ಕಾರ್ಡು ಕಟ್ಟಿನಿಂದ ಹೊರಬಿತ್ತು. ಮುಂದಿನ ವಾರ ಮನೆ ಕಟ್ಟಿಸುತ್ತಿದ್ದವರಿಗೆ ಸಿಡಿಲು ಬಡಿದ ಗೋಪುರ ಬಂತು. ಅದೂ ಹೋಯಿತು. ಹೃದಯಕ್ಕೆ ಕತ್ತಿ ಚುಚ್ಚಿದ್ದು, ತಲೆಕೆಳಗಾಗಿ ನೇತಾಡುವವನು, ಕೊಂಬಿನ ದೆವ್ವ ಎಲ್ಲ ಒಂದೊಂದಾಗಿ ಹೋದವು. ಉಳಿದದ್ದು ಸೂರ್ಯ, ನಕ್ಷತ್ರ, ಕಾಮನಬಿಲ್ಲು, ತುಂಬಿದ ಕೊಡ. ಹೀಗೆ ಸೋಸಿದ ಮೇಲೆ ಅವಳ ಹೆಸರು ಊರಲ್ಲೆಲ್ಲ ಹಬ್ಬಿತು. "ವಿಜಯಲಕ್ಷ್ಮಿ ಕೈಗುಣ ಚೆಂದ ಐತಿ, ಕೆಟ್ಟದ್ದ ಬರಂಗಿಲ್ಲ" ಎಂದು ಹೆಂಗಸರು ಕೊಂಡಾಡಿದರು. ಸಾವಂತ್ರಮ್ಮನೂ ತಿರುಗಿ ಬಂದರು, ಹೊಸ ಕಾರಿನಲ್ಲೇ.

ಈ ವರ್ಷ ಪುಣೆಯ ಮೇಡಂ ಹೊಸ ಅಪ್ಪಣೆ ಕೊಟ್ಟರು. ಹಗಲು ರಾತ್ರಿ ಸಮನಾಗುವ ದಿನ ಓಸ್ಟಾರಾ ಎಂಬ ವಸಂತದ ಹಬ್ಬ ಮಾಡಬೇಕಂತೆ. ಯೇಸು ಹುಟ್ಟುವ ಮುಂಚಿನ ಬಿಳಿಯರ ಹಬ್ಬವಂತೆ. ಹೂವಿಡಬೇಕು, ಬಣ್ಣ ಹಚ್ಚಿದ ಮೊಟ್ಟೆ ಇಡಬೇಕು, ಮೊಲ ಇಡಬೇಕು, ಮೇಣದಬತ್ತಿ ಹಚ್ಚಿ ಸೂರ್ಯನನ್ನು ಕರೆಯಬೇಕು, ಆಮೇಲೆ ಎಲ್ಲರೂ ವರ್ಷದ ಕಾರ್ಡು ಎಳೆಯಬೇಕು. ಮಾರ್ಚ್ ತಿಂಗಳಲ್ಲಿ ಬಳ್ಳಾರಿಯವರು ಸೂರ್ಯನನ್ನು ಕರೆಯುವುದೆಂದರೆ! ಕರೆಯದೆಯೇ ಬಂದು ನೆತ್ತಿಯ ಮೇಲೆ ಕೂತಿರುತ್ತಾನೆ, ಹೋಗೆಂದರೂ ಹೋಗುವುದಿಲ್ಲ.

ಆ ದಿನ ಈ ಸಲ ಬಿದ್ದದ್ದು ಯುಗಾದಿಯ ಮರುದಿನ. ಅದು ಕರಿ. ನಮ್ಮಲ್ಲಿ ಕರಿಯ ದಿನ ಯಾರೂ ಒಳ್ಳೆಯ ಕೆಲಸಕ್ಕೆ ಕೈ ಹಾಕುವುದಿಲ್ಲ.

"ಫಾರಿನ್ ಹಬ್ಬಕ್ಕ ಕರಿ ಹತ್ತಂಗಿಲ್ಲಕ್ಕ" ಅಂದಳು ವಿಜ್ಜಿ.

ಮೊಟ್ಟೆ ಮಾತ್ರ ಹತ್ತುತ್ತಿತ್ತು, ನಮ್ಮದು ಲಿಂಗ ಕಟ್ಟಿದ ಮನೆ. ಅದಕ್ಕೇ ಆಲೂಗಡ್ಡೆಗೆ ಬಣ್ಣ ಹಚ್ಚಿದಳು.

ಯುಗಾದಿಯ ದಿನ ಹೋಳಿಗೆ ಸಾರಿಗೆ ಹುಣಸೆಹಣ್ಣು ಸಾಲದೆ ನಾನು ಕೆಳಗಿಳಿದು ಅವಳ ಡಬ್ಬಿ ತೆಗೆದರೆ, ಒಳಗಿನಿಂದ ಅಸ್ಥಿಪಂಜರ ನನ್ನನ್ನೇ ನೋಡುತ್ತಿದೆ.

"ಅಡಿಗಿಮನ್ಯಾಗ ಹೆಣ ಇಟ್ಟೀಯೇನ ವಿಜ್ಜಿ? ಜೀವ ಹಾರಿ ಹೋತಲ್ಲೇ!"

"ಮೆತ್ತಗ ಮಾತಾಡ್ರಿ ಅಕ್ಕ, ಅವ್ವ ಕೇಳಿಸ್ಕೊಂತಾಳ" ಎಂದು ಡಬ್ಬಿ ಮುಚ್ಚಿದಳು. ಕೆಟ್ಟ ಕಾರ್ಡುಗಳೆಲ್ಲ ಅಲ್ಲಿದ್ದವು. ಎಸೆಯಲು ಭಯ, ಇಟ್ಟುಕೊಳ್ಳಲೂ ಭಯ.

ಅವ್ವ ಅಂದರೆ ಕುರುಗೋಡಿನಿಂದ ಬಂದಿದ್ದ ಅವಳ ತಾಯಿ ಶಿವಬಸಮ್ಮ. ಹಬ್ಬ ನೆಪ, ಬಂದದ್ದು ಆಸ್ಪತ್ರೆಗೆ. ಸಕ್ಕರೆ ಕಾಯಿಲೆ ಹೆಂಗಸು. ಬೆಳ್ಳಿಯ ಕಾಲುಂಗುರ ಬಿಗಿಯಾಗಿ, ಅದರ ಕೆಳಗೆ ಗಾಯವಾಗಿ, ಯಾರಿಗೂ ಹೇಳದೆ ಸೀರೆಯ ನಿರಿಗೆಯಲ್ಲಿ ಮುಚ್ಚಿಕೊಂಡು ಓಡಾಡಿದ್ದಾಳೆ. ಬೆರಳು ಕಪ್ಪಾಗಿತ್ತು. ಶನಿವಾರದೊಳಗೆ ಬೆರಳು ತೆಗೆಯದಿದ್ದರೆ ಪಾದವೇ ಹೋಗುತ್ತದೆ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು.

ಶಿವಬಸಮ್ಮನಿಗೆ ಬೆರಳಿನ ಚಿಂತೆ ಇರಲಿಲ್ಲ, ಉಂಗುರದ್ದಿತ್ತು. "ಯಜಮಾನ್ರು ಗಟ್ಟಿ ಇರಬೇಕಾದ್ರ ನಾ ಕಾಲುಂಗುರ ತೆಗೀಲೇನು? ಕಾಲು ಹೋದ್ರ ಹೋಗಲಿ." ಆ ಯಜಮಾನರು ಕಾಡಸಿದ್ದಪ್ಪ. ಪಕ್ಕದಲ್ಲೇ ಕೂತು "ನನಗೇನೂ ಆಗಂಗಿಲ್ಲ, ತೆಗಿ ಮಾರಾಯ್ತಿ" ಎಂದು ಬೇಡಿಕೊಳ್ಳುತ್ತಿದ್ದರು. ಯಾರ ಜೀವಕ್ಕೆಂದು ಹಟ ಹಿಡಿದಿದ್ದಳೋ ಅವರ ಮಾತಿಗೇ ಕಿಮ್ಮತ್ತಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ಅಷ್ಟೇ ಸಂಕಟವೂ ಆಯಿತು.

ವಿಜ್ಜಿ ಅತ್ತು ಕರೆದಳು. ಕೊನೆಗೆ ಆ ಮುದುಕಿ ಅಂದಳು, "ಊರ ಮಂದಿಗೆಲ್ಲ ಎಲಿ ಹಾಕಿ ಹೇಳ್ತೀಯಲ್ಲ, ನನಗೂ ಹೇಳು. ಎಲಿ ಏನಂತೈತೋ ಹಂಗ ಮಾಡ್ತೀನಿ."

ವಿಜ್ಜಿಯ ಮುಖ ಅರಳಿತು. ನಾನು ಡಬ್ಬಿಯನ್ನು ನೆನೆಸಿಕೊಂಡೆ.

ಮರುದಿನ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಸೇರಿದರು. ಮುಂದೆ ಸಾವಂತ್ರಮ್ಮ. ಪ್ಲಾಸ್ಟಿಕ್ ಹೂವು, ಬಣ್ಣದ ಆಲೂಗಡ್ಡೆ, ಜೀನ್ಸ್ ಬಟ್ಟೆಯಲ್ಲಿ ಹೊಲಿದ ಮೊಲ. ವಿಜ್ಜಿ ಫೋನು ನೋಡಿ ಓದಿದಳು, "ಹಿಮ ಕರಗಿತು, ಭೂಮಿ ಬೆಚ್ಚಗಾಯಿತು." ಅಷ್ಟರಲ್ಲಿ ಕರೆಂಟು ಹೋಯಿತು. ಕೂಲರ್ ನಿಂತು ಎಲ್ಲರೂ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ಸೂರ್ಯನನ್ನು ಕರೆಯಲು ಹಚ್ಚಿದ ಮೇಣದಬತ್ತಿ ಸೆಕೆಗೆ ಬಾಗಿ ಮೊಲದ ಮೇಲೆ ಒರಗಿತು.

ಎಲ್ಲರಿಗೂ ಒಳ್ಳೆಯದೇ ಬಂತು. ಆಮೇಲೆ ಶಿವಬಸಮ್ಮ ಕುಂಟುತ್ತ ಬಂದು ಕೂತು ಕಣ್ಣು ಮುಚ್ಚಿದಳು.

"ಕುರುಗೋಡು ಬಸವಣ್ಣಾ, ಉಂಗುರ ತೆಗೀದಂಗ ಹಿಂಗ ಇದ್ರ ಒಳ್ಳೇದಾಗತೈತೇನಪ್ಪ?"

ಎಳೆದದ್ದು ಸೂರ್ಯ. ಹೆಂಗಸರು ಚಪ್ಪಾಳೆ ತಟ್ಟಿದರು. ವಿಜ್ಜಿಯ ಹಣೆಯ ಕುಂಕುಮ ಬೆವರಿಗೆ ಇಳಿಯಿತು.

"ಇನ್ನೊಂದು ಎಳಿ ಅವ್ವ." ನಕ್ಷತ್ರ ಬಂತು. "ಮತ್ತೊಂದು." ಕಾಮನಬಿಲ್ಲಿನ ಕೆಳಗೆ ಗಂಡ ಹೆಂಡತಿ ತಬ್ಬಿ ನಿಂತಿದ್ದರು.

"ನೋಡಿದ್ಯಾ, ಇಬ್ರೂ ಜೋಡಿಯಾಗಿ ಅದೀವಿ" ಎಂದು ಶಿವಬಸಮ್ಮ ಎದ್ದೇಬಿಟ್ಟಳು.

"ಕುಂದ್ರು ಅವ್ವ, ದೊಡ್ಡ ಕಟ್ಟು ಬ್ಯಾರೆ ಐತಿ!" ವಿಜ್ಜಿ ಅಡುಗೆಮನೆಗೆ ಓಡಿದಳು, ಡಬ್ಬಿಯೊಳಗಿನದನ್ನೆಲ್ಲ ಬಾಚಿ ತಂದಳು. ಕಾರ್ಡಿಗೆಲ್ಲ ಹುಣಸೆಯ ನಾರು ಅಂಟಿತ್ತು. ಅವ್ವ ಮತ್ತೆ ಅದೇ ಪ್ರಶ್ನೆ ಕೇಳಿ ಎಳೆದಳು. ಬಂದದ್ದು ಸಾವು. ನಾನು ಉಸಿರು ಬಿಟ್ಟೆ, ಇನ್ನಾದರೂ ಹೆದರಿ ಆಸ್ಪತ್ರೆಗೆ ಹೊರಡುತ್ತಾಳೆ ಎಂದುಕೊಂಡೆ.

ಶಿವಬಸಮ್ಮ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದಳು. ಕುದುರೆಯ ಕಾಲ ಕೆಳಗೆ ಬಿದ್ದಿದ್ದ ರಾಜನ ಮೇಲೆ ಬೆರಳಿಟ್ಟಳು.

"ಇವ್ರು ನಿಮ್ಮಪ್ಪ. ಉಂಗುರ ತೆಗೀಬೇಕಂತ ಬರೇ ಮಾತು ಎತ್ತಿದ್ದಕ್ಕ ನೆಲಕ್ಕ ಬಿದ್ದಾರ ನೋಡು. ಇನ್ನ ತೆಗದ್ರ ಉಳೀತಾರೇನು?"

"ಹೌದ್ರಿ ಮತ್ತ!" ಅಂದರು ಸಾವಂತ್ರಮ್ಮ. ಎಲ್ಲ ಹೆಂಗಸರೂ ತಲೆ ಆಡಿಸಿದರು.

ವಿಜ್ಜಿ ಬಿಕ್ಕಿ ಬಿಕ್ಕಿ ಅತ್ತಳು. "ಅವ್ವಾ, ಎಲ್ಲ ಸುಳ್ಳು. ಇದು ಬರೇ ಕಾಗದ. ಕೆಟ್ಟ ಕಾರ್ಡೆಲ್ಲ ನಾನ ಆರಿಸಿ ಡಬ್ಬಿಯಾಗ ಇಟ್ಟಿದ್ನಿ. ಅದಕ್ಕ ಎಲ್ಲಾರಿಗೂ ಒಳ್ಳೇದ ಬರ್ತಿತ್ತು. ನೀ ಆಸ್ಪತ್ರಿಗೆ ನಡಿ, ನಿನ್ನ ಕಾಲು ಹೋಗತೈತಿ."

ಇಷ್ಟು ದಿನ ಸುಳ್ಳು ಹೇಳಿದಾಗ ನಂಬಿದವರು, ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ. "ಮಗಳ ಕರುಳು, ಪಾಪ, ಏನೇನೋ ಮಾತಾಡಾಕ ಹತ್ಯಾಳ" ಎಂದು ಸಾವಂತ್ರಮ್ಮ ಅವಳ ಬೆನ್ನು ಸವರಿದರು.

ಕೂಲರ್ ಪಕ್ಕದಲ್ಲಿ ನಿನ್ನೆಯ ಹೋಳಿಗೆ ತಿನ್ನುತ್ತಿದ್ದ ಕಾಡಸಿದ್ದಪ್ಪ ಎದ್ದು ಬಂದು ಕಾರ್ಡು ಇಸಿದುಕೊಂಡರು.

"ಸತ್ತಾವ ನಾನೇನು?" ಎಂದು ತಿರುಗಿಸಿ ನೋಡಿದರು. "ಇವ ರಾಜ ಅದಾನಲ್ಲಲೇ. ನನಗ ತಲಿಗೆ ಒಂದು ಹೊಸ ರುಮಾಲಿಲ್ಲ." ಕಾರ್ಡನ್ನು ಜೀನ್ಸ್ ಬಟ್ಟೆಯ ಜೇಬಿಗೆ ತುರುಕಿ, ಹೆಂಡತಿಯ ಕಾಲ ಬಳಿ ನೆಲಕ್ಕೆ ಕೂತರು. "ಎಣ್ಣಿ ತಾ ವಿಜಯಾ."

ಗಂಡಸು ಅಷ್ಟು ಜನರೆದುರು ಹೆಂಡತಿಯ ಕಾಲು ಹಿಡಿದದ್ದನ್ನು ಕಂಡು ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. "ಬಿಡ್ರಿ, ಪಾಪ ಬರತೈತಿ" ಎಂದು ಶಿವಬಸಮ್ಮ ಕಾಲೆಳೆದುಕೊಂಡಳು.

"ಲಗ್ನದಾಗ ಹಾಕಿದಾವ ನಾನು. ಅವತ್ತು ಯಾವ ಎಲಿ ಕೇಳಿ ಹಾಕಿದ್ನಿ? ತೆಗ್ಯಾವನೂ ನಾನ."

ಕೊಬ್ಬರಿ ಎಣ್ಣೆ ಸವರಿ, ಉಂಗುರದ ಬಾಯಿ ಅಗಲಿಸಿ, ಇಷ್ಟಿಷ್ಟೇ ಜರುಗಿಸಿದರು. ಶಿವಬಸಮ್ಮ ಚೀರಿದಳು, ನೋವಿಗೋ ಭಯಕ್ಕೋ. ಹೊರಬಂದ ಉಂಗುರವನ್ನು ಪಂಚೆಯಿಂದ ಒರೆಸಿ, ತಮ್ಮ ಬಲಗಾಲಿನ ಎರಡನೇ ಬೆರಳಿಗೆ ಹಾಕಿಕೊಂಡು ಅದರ ಬಾಯಿ ಬಿಗಿ ಮಾಡಿದರು.

"ನಾ ಇರಾತನಕ ಇಲ್ಲೇ ಇರತೈತಿ. ಈಗ ಆಸ್ಪತ್ರಿಗೆ ನಡಿ."

"ಇವತ್ತು ಕರಿ" ಅಂದಳು ಆಕೆ ಸಣ್ಣ ದನಿಯಲ್ಲಿ.

ಶನಿವಾರ ಬೆಳಿಗ್ಗೆ ಹೊರಟೆವು. ಆಪರೇಷನ್ ಕೋಣೆಯ ಹೊರಗೆ ಕಾಯುತ್ತಿದ್ದಾಗ ಸಾವಂತ್ರಮ್ಮನ ಫೋನು ಬಂತು. ಅವರ ಗಂಡ ಗುಟ್ಕಾ ಬಿಡುತ್ತಿಲ್ಲವಂತೆ, ಹುಣಸೆಹಣ್ಣಿನ ಡಬ್ಬಿಯ ಕಟ್ಟಿನಿಂದ ಒಂದು ಎಲೆ ಎಳೆಸಿ ಹೆದರಿಸಬೇಕಂತೆ. ಓಣಿಯ ಇನ್ನಷ್ಟು ಹೆಂಗಸರೂ ಕಾದಿದ್ದಾರಂತೆ. ವಿಜ್ಜಿ ಫೋನು ಇಟ್ಟು ನನ್ನ ಹೆಗಲಿಗೆ ಒರಗಿದಳು.

ಬೆರಳು ಹೋಯಿತು, ಪಾದ ಉಳಿಯಿತು. ವಾರ್ಡಿನಲ್ಲಿ ಎಚ್ಚರವಾದಾಗ ಶಿವಬಸಮ್ಮ ಬ್ಯಾಂಡೇಜಿನ ಕಡೆ ನೋಡಲೇ ಇಲ್ಲ. ಗಂಡನನ್ನು ಹುಡುಕಿದಳು.

"ಎಲ್ರೀ, ಕಾಲು ತೋರಿಸ್ರಿ."

ಅಕ್ಕಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಕಾಡಸಿದ್ದಪ್ಪ ಚಪ್ಪಲಿ ಬಿಟ್ಟು, ಕುರ್ಚಿ ಹಿಡಿದುಕೊಂಡು, ಕಾಲೆತ್ತಿ ಮಂಚದ ಅಂಚಿಗೆ ಇಟ್ಟರು. ಆಕೆ ಕೈ ಚಾಚಿ ಉಂಗುರವನ್ನು ಮುಟ್ಟಿದಳು.

"ಬಿಗಿ ಆಗೈತಲ್ರೀ" ಅಂದಳು. "ಗಾಯ ಆದೀತು, ತೆಗೀರಿ."