ಬಿಸಿಲಿಲ್ಲದ ಇಳಿಜಾರಿನ ಹೊಳಪು

ಶಕುನ, ದೆವ್ವ, ಕಣ್ಣಿಗೆ ಕಾಣದ ಕೈವಾಡ, ಇವನ್ನೆಲ್ಲ ನಾನು ನಂಬಿದವನಲ್ಲ. ಎಕ್ಸ್‌-ರೇ ಓದುವ ವೈದ್ಯನಾಗಿ ಬದುಕಿದವನು. ಫಿಲ್ಮಿನ ಮೇಲೆ ಕಂಡದ್ದು ಉಂಟು, ಕಾಣದ್ದು ಇಲ್ಲ, ಅಷ್ಟೇ ನನ್ನ ಲೆಕ್ಕ. ಯಾರಾದರೂ ಅಂಥ ಕತೆ ಶುರುಮಾಡಿದರೆ ಎದ್ದು ಹೋಗಿ ಕಾಫಿ ಬೆರೆಸಿಕೊಳ್ಳುತ್ತಿದ್ದೆ. ಈಗಲೂ ನನ್ನ ಸ್ವಭಾವ ಹೆಚ್ಚೇನೂ ಬದಲಾಗಿಲ್ಲ. ಆದರೆ ಎಂಬತ್ತರ ದಶಕದ ಒಂದು ಜುಲೈನಲ್ಲಿ, ಹಾಡಹಗಲಲ್ಲಿ, ನಾನು ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನಲಾರೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನೀವೇ ತೀರ್ಮಾನಿಸಿ.

ಆಗ ನಾವು ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿದ್ದೆವು. ಕೆಲಸಕ್ಕಾಗಿ ನಾನು ಆಗಾಗ ಬ್ರಿಸ್ಬೇನ್‌ಗೆ ಹೋಗಿಬರಬೇಕಿತ್ತು. ಮೆಲ್ಬರ್ನ್, ಸಿಡ್ನಿ ಎರಡರಲ್ಲೂ ವಿಮಾನ ಬದಲಿಸಬೇಕು. ಮೆಲ್ಬರ್ನ್ ಬಿಟ್ಟ ಮೇಲೆ ಹಿಮದ ಬೆಟ್ಟಗಳು ಬರುತ್ತವೆ. ಕಿಟಕಿಯಿಂದ ಸ್ಕೀ ತಾಣಗಳನ್ನು ಗುರುತು ಹಿಡಿಯುವುದು ನನ್ನ ಹುಚ್ಚು. ಸ್ಕೀ ಕಾಲಿಗೆ ಕಟ್ಟಿಕೊಂಡವನಲ್ಲ ನಾನು. ಕಟ್ಟಿಕೊಂಡು ಬಿದ್ದವರ ಮೂಳೆಗಳನ್ನು ನೋಡಿದವನು.

ಗುರುತು ಹಿಡಿಯುವುದು ಕಷ್ಟವೇನಲ್ಲ. ತಾನಾಗಿ ಬಿದ್ದ ಹಿಮಕ್ಕೆ ನೇರವಾದ ಅಂಚಿರುವುದಿಲ್ಲ. ಕಪ್ಪು ಕಾಡಿನ ನಡುವೆ ವಿಭೂತಿ ಎಳೆದಂತೆ ಬಿಳಿ ಪಟ್ಟೆಗಳು ಕಂಡರೆ, ಅದು ಜಾರಲೆಂದು ಮನುಷ್ಯರು ಮರ ಕಡಿದ ಜಾಗ. ಪಕ್ಕದಲ್ಲೇ ಸಪೂರವಾದ ನೇರ ಗೆರೆಯಿದ್ದರೆ ಅದು ಜನರನ್ನು ಮೇಲಕ್ಕೊಯ್ಯುವ ಲಿಫ್ಟು. ಒಂಟಿ ಶಿಖರದ ಸುತ್ತ ಪಟ್ಟೆಗಳಿದ್ದರೆ ಮೌಂಟ್ ಬುಲ್ಲರ್. ಊರೇ ಬೆಟ್ಟದ ನೆತ್ತಿಯ ಮೇಲಿದ್ದು ಪಟ್ಟೆಗಳು ಅದರ ಕೆಳಗಿದ್ದರೆ ಹೋಥಮ್. ಪಕ್ಕದ ಪ್ರಯಾಣಿಕರು ಕೇಳಲಿ, ಬಿಡಲಿ, ನಾನು ಹೆಸರು ಹೇಳಿಬಿಡುತ್ತಿದ್ದೆ. ತಪ್ಪಿದ ನೆನಪಿಲ್ಲ.

ಇಲ್ಲಿ ಜುಲೈ ಎಂದರೆ ನಡುಚಳಿಗಾಲ. ಆ ವರ್ಷ ನಮ್ಮ ಮಗಳು ಸುಮಾ ಶಾಲೆಯವರ ಜೊತೆ ಅಂಥದೊಂದು ಊರಿಗೆ ಸ್ಕೀ ಕ್ಯಾಂಪಿಗೆ ಹೊರಟಳು. ಊರಿನ ಹೆಸರು ಬೇಡ. ಪಕ್ಕದಲ್ಲಿ ಅಣೆಕಟ್ಟಿನ ಕೆರೆಯೊಂದಿತ್ತು ಎಂದರೆ ಸಾಕು. ಅವಳಿಗಾಗ ಹದಿನಾಲ್ಕು. ನನ್ನ ಹೆಂಡತಿ ವಸಂತಿಗೆ ಕಳಿಸಲು ಸುತರಾಂ ಮನಸ್ಸಿಲ್ಲ. “ಕೈಕಾಲು ಮುರ್ಕೊಂಡ್ ಬಂದ್ರೆ ನೀವೇ ಫಿಲ್ಮ್ ನೋಡ್ಕೊಳ್ಳಿ” ಎಂದು ಗೊಣಗಿ ಒಪ್ಪಿದಳು. ಕ್ಯಾಂಪಿನ ನಡುವೆ ಒಂದು ದಿನ ನನ್ನ ವಿಮಾನ ಆ ಬೆಟ್ಟಗಳ ಮೇಲೆ ಹೋಗುವುದಿತ್ತು. ಸುಮಾಳ ಕೈಗೆ ವಸಂತಿಯ ಪುಟ್ಟ ಕನ್ನಡಿಯೊಂದನ್ನು ಕೊಟ್ಟು, ಪ್ಲೇನಿನ ಸದ್ದು ಕೇಳಿದಾಗ ಅದನ್ನು ಬಿಸಿಲಿಗೆ ಹಿಡಿದು ಅಲ್ಲಾಡಿಸು, ನನಗೆ ಕಾಣುತ್ತದೆ ಎಂದು ಹೇಳಿದ್ದೆ.

ಆ ದಿನ ಬೆಳಗಿನ ಮಂಜು ಕರಗಿ ಆಕಾಶ ತೊಳೆದಿಟ್ಟ ಹಾಗಿತ್ತು. ವಿಮಾನ ಆ ಊರಿನ ತುಸು ದಕ್ಷಿಣಕ್ಕೆ ಹಾದುಹೋಗುತ್ತಿತ್ತು. ಮೊದಲು ಕೆರೆ ಕಂಡಿತು, ಆಮೇಲೆ ಮನೆಗಳ ಮಾಡು, ಆಮೇಲೆ ಪಟ್ಟೆಗಳು. ಅನುಮಾನವೇ ಇಲ್ಲ, ಅದೇ ಊರು. ಪಟ್ಟೆಗಳ ಮೇಲೆ ಕಣ್ಣಾಡಿಸಿದೆ, ಏನೂ ಇಲ್ಲ. ಅಷ್ಟರಲ್ಲಿ ಹೊಳೆಯಿತು. ಪಟ್ಟೆಗಳಿರುವ ಕಡೆಯಲ್ಲ, ಬೆಟ್ಟದ ಏಣು ದಾಟಿ ಈಚೆಗೆ, ಬರೀ ಕಾಡಿದ್ದ ಇಳಿಜಾರಿನಲ್ಲಿ, ಕೆರೆಯ ತುದಿಗೆ ನೇರವಾಗಿ. ಒಂದು ಸಲ ಹೊಳೆದು ಆರಿತು, ಮತ್ತೆ ಹೊಳೆಯಿತು, ಮತ್ತೆ. “ನನ್ನ ಮಗಳು!” ಎಂದು ಪಕ್ಕದ ಮುದುಕಿಗೆ ತೋರಿಸಿದೆ. ಆಕೆಯೂ ಬಗ್ಗಿ ನೋಡಿ, ಹೌದು, ಕಂಡಿತು ಎಂದು ನಕ್ಕಳು. ಮಕ್ಕಳನ್ನು ಕಾಡಿನ ಕಡೆ ಸುತ್ತಾಡಲು ಕರೆದೊಯ್ದಿರಬೇಕು ಎಂದುಕೊಂಡೆ. ಖುಷಿಯಲ್ಲಿ ಸಿಡ್ನಿ ಬಂದದ್ದೇ ಗೊತ್ತಾಗಲಿಲ್ಲ.

ಬ್ರಿಸ್ಬೇನ್‌ನಲ್ಲಿ ಗೆಳೆಯ ಇಕ್ಬಾಲ್ ಕಾಯುತ್ತಿದ್ದ. ಮೈಸೂರಿನಲ್ಲಿ ನನ್ನ ಸಹಪಾಠಿ, ಇಲ್ಲಿ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿ ವೈದ್ಯ. ಅವನ ಮುಖ ನೋಡಿಯೇ ನನ್ನ ನಗು ಇಂಗಿತು.

“ವಸಂತಿ ಫೋನ್ ಮಾಡಿದ್ರು ಕಣೋ. ಸುಮಾ ಬೆಳಿಗ್ಗೆ ಮಂಜಲ್ಲಿ ಗುಂಪಿಂದ ತಪ್ಪಿಸ್ಕೊಂಡಿದಾಳಂತೆ. ಇನ್ನೂ ಸಿಕ್ಕಿಲ್ಲ, ಹುಡುಕ್ತಿದಾರೆ.”

ನನ್ನ ತಲೆ ಮಾತ್ರ ತಿಳಿಯಾಗಿತ್ತು. ನಿಲ್ದಾಣದ ಟೆಲಿಫೋನಿನಿಂದಲೇ ಹುಡುಕುವವರ ಮುಖ್ಯಸ್ಥನನ್ನು ಹಿಡಿದೆ. ಅವರು ಪಟ್ಟೆಗಳ ಕೆಳಗೆ, ಉತ್ತರದ ಕಡೆ ಜಾಲಾಡುತ್ತಿದ್ದರು. ನಾನು ಕಂಡ ಜಾಗವನ್ನು ವಿವರಿಸಿದೆ. ಆತ ಮರ್ಯಾದೆಯಿಂದಲೇ ಹೇಳಿದ: ಡಾಕ್ಟರೇ, ಅದು ದಕ್ಷಿಣದ ಇಳಿಜಾರು, ಈ ತಿಂಗಳಲ್ಲಿ ಅಲ್ಲಿಗೆ ಬಿಸಿಲೇ ಬೀಳುವುದಿಲ್ಲ, ಕನ್ನಡಿ ಹೊಳೆಯುವುದು ಹೇಗೆ? ನಾನು ಕಂಡಿದ್ದೇನೆ, ಅಲ್ಲಿಗೇ ಹೋಗಿ ಎಂದು ಪಟ್ಟು ಹಿಡಿದೆ. ಕೊನೆಗೆ ಒಂದಿಷ್ಟು ಜನರನ್ನು ಆ ಕಡೆಗೆ ಕಳಿಸಲು ಒಪ್ಪಿದ.

“ನೀನು ಹೇಳಿದ್ದು ತಪ್ಪಾಗಿದ್ರೆ ಏನೋ ಗತಿ? ಉತ್ತರದ ಕಡೆ ಹುಡುಕೋರು ಕಮ್ಮಿ ಆಗ್ಬಿಡ್ತಾರಲ್ಲೋ” ಎಂದ ಇಕ್ಬಾಲ್, ಕಾರು ಓಡಿಸುತ್ತ.

“ತಪ್ಪಿಲ್ಲ. ನಾನು ನೋಡಿದೀನಿ” ಎಂದೆ. ಕತ್ತಲಾದರೆ ಆ ಚಳಿಯಲ್ಲಿ ಮಗು ಉಳಿಯುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ವೈದ್ಯರಾಗಿರುವುದರ ಶಿಕ್ಷೆ ಅದು. ಆದರೂ ನನ್ನೊಳಗೆ ಎಲ್ಲೋ ಅಲುಗದ ಧೈರ್ಯವೊಂದಿತ್ತು.

ಹೊತ್ತು ಮುಳುಗುವ ಮುನ್ನ ಇಕ್ಬಾಲನ ಮನೆಗೆ ಫೋನ್ ಬಂತು. ಸಿಕ್ಕಿದ್ದಳು. ನಾನು ಹೇಳಿದ ಇಳಿಜಾರಿನಲ್ಲೇ, ಮಂಡಿ ತಿರುಚಿಕೊಂಡು, ಮರವೊಂದಕ್ಕೆ ಒರಗಿ ಕುಳಿತಿದ್ದಳಂತೆ. ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ. ಇಕ್ಬಾಲನೂ ಅತ್ತ.

ವಿಚಿತ್ರ ಇರುವುದು ಇನ್ನು ಮುಂದೆ. ಸುಮಾ ಮನೆಗೆ ಬಂದ ಮೇಲೆ ವಸಂತಿ ಅವಳ ಚೀಲ ಬಿಚ್ಚಿದರೆ, ಕನ್ನಡಿ ಕಾಲುಚೀಲದೊಳಗೆ ಸುತ್ತಿಟ್ಟ ಹಾಗೇ ಇತ್ತು. ಆ ದಿನ ಅವಳು ಅದನ್ನು ಹೊರಗೆ ತೆಗೆದೇ ಇರಲಿಲ್ಲ. ಗಡಿಯಾರವೂ ಕಟ್ಟಿರಲಿಲ್ಲ. ಮೈಮೇಲೆ ಹೊಳೆಯುವಂಥ ವಸ್ತುವೇ ಇರಲಿಲ್ಲ.

ಬಿಸಿಲಿನ ಮಾತೂ ನಿಜವೇ. ನಮ್ಮೂರಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಇಲ್ಲಿ ಉತ್ತರಕ್ಕೆ. ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಈ ದೇಶಕ್ಕೆ ಬಂದ ಹೊಸದರಲ್ಲಿ ಮೊದಲ ಮನೆ ಕೊಂಡಾಗ, ದಕ್ಷಿಣದ ಕಿಟಕಿಯಿದ್ದ ಕೋಣೆ ಬೆಚ್ಚಗಿರುತ್ತದೆ ಎಂದು ಅಲ್ಲಿ ಮಲಗಿ ಗಡಗಡ ನಡುಗಿದವರು ನಾವು. ವಿಮಾನದಲ್ಲಿ ಆ ಹೊಳಪು ಕಂಡಾಗ ನನಗೆ ಏನೂ ಅಸಹಜ ಅನ್ನಿಸದೇ ಇದ್ದದ್ದು ದಕ್ಷಿಣ ಎಂದರೆ ಬಿಸಿಲು ಎಂಬ ಆ ಹಳೆಯ ರೂಢಿಯಿಂದಲೇ ಇರಬೇಕು.

ಮರುವರ್ಷ ಜುಲೈನಲ್ಲಿ ನಾವು ಮೂವರೂ ಅಲ್ಲಿಗೆ ಹೋದೆವು. ಸುಮಾ ತಾನು ಕುಳಿತಿದ್ದ ಮರ ತೋರಿಸಿದಳು. ನಡುಹಗಲಾದರೂ ಅಲ್ಲಿ ಬಿಸಿಲಿನ ಒಂದು ಎಳೆಯೂ ಇರಲಿಲ್ಲ. ಕನ್ನಡಿಯನ್ನು ಹೇಗೆ ತಿರುಗಿಸಿದರೂ ಹೊಳೆಯಲಿಲ್ಲ. ಹಾಗಾದರೆ ನಾನು ಕಂಡದ್ದೇನು, ಪಕ್ಕದ ಮುದುಕಿ ಕಂಡದ್ದೇನು, ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ನಟಿಸುವುದೂ ಇಲ್ಲ.

“ಅವತ್ತು ಪ್ಲೇನ್ ಹೋದಾಗ ನೀನು ಏನ್ ಮಾಡ್ದೆ, ಸರಿಯಾಗಿ ನೆನಪು ಮಾಡ್ಕೊ” ಎಂದು ಕೇಳಿದೆ.

ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಏನೂ ಮಾಡಲಿಲ್ಲವಂತೆ. ಸದ್ದು ಕೇಳಿದಾಗ ಅಪ್ಪ ನೋಡುತ್ತಿದ್ದಾನೆ ಎಂದು ಗೊತ್ತಾಯಿತಂತೆ, ಅದಕ್ಕೇ ಅಳುವುದನ್ನು ನಿಲ್ಲಿಸಿದಳಂತೆ.