ಹೂವಿಗೆ ಗಂಡು ಹುಡುಕುವ ದುಂಬಿಯಕ್ಕ

ಬೆಳಗಿನ ಐದೂಮುಕ್ಕಾಲು. ಹಳೆಯ ತಳಿಗಳ ಬೀಜ ಉಳಿಸುವ ತೋಟದ ಕುಂಬಳದ ಸಾಲಿನಲ್ಲಿ ಮಂಡಿಯೂರಿ ಕೂತ ಹೆಂಗಸೊಬ್ಬರು ಜೇನುಹುಳಕ್ಕೆ ಬೈಯುತ್ತಿದ್ದಾರೆ. "ಎಲ್ಲೆಲ್ಲಿಯ ಪುಡಿ ಮೆತ್ಕೊಂಡು ಬಂದಿದೀಯೋ, ಆಚೆ ಹೋಗು." ಹುಳ ಹೋಗುವುದಿಲ್ಲ, ಇವರೂ ಬಿಡುವುದಿಲ್ಲ. ಹದಿನೆಂಟು ವರ್ಷಗಳಿಂದ ಇಬ್ಬರದೂ ಒಂದೇ ಕಸುಬು, ಹಾಗಾಗಿ ಹಾವು ಮುಂಗುಸಿ ಸಂಬಂಧ. ತೋಟದವರಿಗೆಲ್ಲ ಇವರು ದುಂಬಿಯಕ್ಕ. ಇವರ ಕೆಲಸ ನೋಡಲೆಂದೇ ನಾನು ಬಂದಿದ್ದೇನೆ.

ಸಂಜೆ ಮೊಗ್ಗುಗಳ ಬಾಯಿಗೆ ಕೆಂಪು ದಾರ ಕಟ್ಟುವುದು, ಬೆಳಗ್ಗೆ ಬಿಚ್ಚಿ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿನ ನಡುವಿನ ಅಂಟು ತುದಿಗೆ ಸವರುವುದು, ಹುಳ ನುಗ್ಗದಂತೆ ಮತ್ತೆ ಕಟ್ಟುವುದು. ದಿನಕ್ಕೆ ನೂರಿಪ್ಪತ್ತು ಹೂ. ಹತ್ತು ಗಂಟೆಗೆ ಹೂ ಬಾಡುತ್ತದೆ; ಆಮೇಲೆ ತಿಪ್ಪರಲಾಗ ಹಾಕಿದರೂ ಪ್ರಯೋಜನವಿಲ್ಲ. ಬಗ್ಗಿ ಬಗ್ಗಿ ಸೊಂಟ ಹಿಡಿದುಹೋಗಿದೆ.

"ಪುಡಿ ಸವರಿದ್ರೆ ಮುಗೀತು ಅಂದ್ಕೋತಾರೆ. ಶುರುವಾಗೋದೇ ಆಮೇಲೆ," ಎನ್ನುತ್ತಾರೆ. "ಒಂದೊಂದು ಕಣವೂ ಕೂದಲಿಗಿಂತ ಸಣ್ಣ ಕೊಳವೆ ಬಿಟ್ಕೊಂಡು ಅಂಡದ ತನಕ ಇಳಿಯುತ್ತೆ. ಅದರೊಳಗೆ ಇಬ್ಬರು ಗಂಡುಗಳು. ಒಬ್ಬ ಅಂಡದ ಜೊತೆ ಸೇರಿ ಮರಿಗಿಡ ಆಗ್ತಾನೆ. ಇನ್ನೊಬ್ಬ ಪಕ್ಕದ ಕೋಶದ ಜೊತೆ ಸೇರಿ ಆ ಮರಿಗೆ ಊಟ ಆಗ್ತಾನೆ. ನಮ್ಮನೇಲಿ ಮೊದಲನೆಯವರು ಮಾತ್ರ ಇದಾರೆ. ಊಟದ ಕಡೆ ನೋಡೋರು ಬರಲೇ ಇಲ್ಲ."

ತೋಟಕ್ಕೆ ನೀರು ಹಾಯಿಸುವ ಅವರ ಯಜಮಾನರು ಕೇಳಿಸಿದರೂ ಕೇಳಿಸದವರಂತೆ ಪೈಪು ಸುತ್ತುತ್ತಾರೆ. ಇವತ್ತು ತಪ್ಪು ಅವರದು.

ಬಿಳಿ ಸಿಪ್ಪೆಯ ಹಳೆಯ ಕುಂಬಳದ ತಳಿಯೊಂದರಲ್ಲಿ ಉಳಿದಿರುವುದು ಒಂದೇ ಬಳ್ಳಿ, ಅದೂ ಒಣಗುತ್ತಿದೆ; ತೆಗೆದಿಟ್ಟ ಬೀಜವೂ ಇಲ್ಲ. ಅದರ ಕೊನೆಯ ಹೆಣ್ಣು ಹೂ ಇವತ್ತು ಅರಳಿದೆ. ಆದರೆ ಬಳ್ಳಿಯಲ್ಲಿ ಒಂದೇ ಒಂದು ಗಂಡು ಹೂವಿಲ್ಲ. ನಿನ್ನೆ ಸಂಜೆ ಯಜಮಾನರು ದಾರ ಕಟ್ಟಿದ್ದನ್ನೂ ಬಿಡದೆ ಎಲ್ಲವನ್ನೂ ಕಿತ್ತು ಗೊಬ್ಬರದ ಗುಂಡಿಗೆ ಎಸೆದಿದ್ದಾರೆ.

"ಕಾಯಿ ಬಿಡದ ಹೂವು, ಸುಮ್ನೆ ಬಳ್ಳಿಯ ಸಾರ ಹೀರುತ್ತೆ ಅಂದ್ಕೊಂಡೆ ಕಣೇ. ನಿನಗೆ ಸಹಾಯ ಆಗ್ಲಿ ಅಂತ," ಎನ್ನುತ್ತಾರೆ ಅವರು.

"ಗಂಡಸಾಗಿ ನಿಮಗೇ ಗಂಡಿನ ಬೆಲೆ ಗೊತ್ತಾಗ್ಲಿಲ್ವಲ್ರೀ."

ಪಕ್ಕದ ಬಳ್ಳಿಯ ಪರಾಗ ಹಾಕಬಾರದೇ ಎಂದು ನಾನು ಕೇಳುತ್ತೇನೆ. "ಕಾಯಿ ಕಟ್ಟುತ್ತೆ, ಬೀಜ ಬೆರಕೆ ಆಗುತ್ತೆ. ಈ ತಳಿ ಇವತ್ತಿಗೇ ಮುಗೀತು," ಎನ್ನುತ್ತಾ ಅವರು ಕೈಲಿದ್ದ ಕೆಂಪು ದಾರವನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸುತ್ತಾರೆ. ನನ್ನ ನಗು ನಿಲ್ಲುತ್ತದೆ.

ಯಜಮಾನರು ಪೈಪು ಬಿಸಾಕಿ ಗುಂಡಿಗೆ ಇಳಿಯುತ್ತಾರೆ. ಒಂಬತ್ತು ಗಂಟೆಗೆ ಮೊಣಕೈವರೆಗೆ ಗೊಬ್ಬರ ಮೆತ್ತಿಕೊಂಡು, ಎರಡೂ ಅಂಗೈ ಜೋಡಿಸಿ ಒಂದು ಮೊಗ್ಗು ತರುತ್ತಾರೆ. ಕೆಂಪು ದಾರ ಹಾಗೇ ಇದೆ. ದುಂಬಿಯಕ್ಕ ಎಸಳು ಬಿಡಿಸಿದರೆ ಒಳಗೆ ಪರಾಗ ತೇವ ತಾಗದೆ ಹಳದಿ ಪುಡಿಯಾಗಿಯೇ ಇದೆ. ಅವರು ಉಸಿರು ಬಿಗಿಹಿಡಿದು ಮೂರು ಸಲ ಸವರುತ್ತಾರೆ.

ಗರ್ಭ ನಿಲ್ಲದಿದ್ದರೆ ಹೀಚುಕಾಯಿ ನಾಲ್ಕೈದು ದಿನಕ್ಕೆ ಹಳದಿಯಾಗಿ ಉದುರುತ್ತದಂತೆ. ಆರನೆಯ ದಿನ ತಡೆಯಲಾರದೆ ಫೋನ್ ಮಾಡುತ್ತೇನೆ.

"ನಿಂತಿದೆ," ಎನ್ನುತ್ತಾರೆ. "ಗೋಲಿಯಷ್ಟಿದ್ದದ್ದು ಮುಷ್ಟಿಯಷ್ಟಾಗಿದೆ. ನಮ್ಮೆಜಮಾನ್ರು ಛತ್ರಿ ಹಿಡ್ಕೊಂಡು ಅದರ ಪಕ್ಕಾನೇ ಕೂತಿದಾರೆ."

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ.

"ಏನೂ ಇಲ್ಲಪ್ಪ. ಬೀಜ ಬಲಿಯೋಕೆ ಇನ್ನು ನಲವತ್ತು ದಿನ ಬೇಕು. ಅಲ್ಲಿತನಕ ಅವರು ನನಗೆ ಇನ್ನೊಂದು ಸಹಾಯ ಮಾಡದಿದ್ರೆ ಸಾಕು."